ಸಹಾಯ ಬೇಕು: ಹೊಸ ಕ್ರೆಡಿಟ್ ಕಾರ್ಡ್ ಚಾಲೂ ಮಾಡಲು ಅರ್ಧ ಗಂಟೆ ಜೊತೆಗಿರುವವರು, ಉಡುಪಿ

ಕುಂಜಿಬೆಟ್ಟಿನಲ್ಲಿ ಒಬ್ಬರೇ ಇರುವ ಹಿರಿಯರೊಬ್ಬರಿಗೆ ಹೊಸ ಕ್ರೆಡಿಟ್ ಕಾರ್ಡ್ ಬಂದುಂಟು. ತುಳು ಬಲ್ಲವರು ಯಾರಾದರೂ ಈ ವಾರ ಹೋಗಿ ಪಕ್ಕದಲ್ಲಿ ಕೂರಬಹುದಾ? ಫೋನು ಅವರ ಕೈಯಲ್ಲೇ ಇರಲಿ. ಒಟಿಪಿ, ಪಿನ್ ಅವರೇ ಒತ್ತಲಿ; ನೀವು ಆ ಕಡೆ ನೋಡುವುದೂ ಬೇಡ.

ಮೊದಲು ಲಕೋಟೆ ಮೊದಲೇ ಒಡೆದಿತ್ತಾ ಕೇಳಿ. ಬ್ಯಾಂಕಿನ ಆ್ಯಪ್ ಪ್ಲೇ ಸ್ಟೋರಿನಿಂದಲೇ ಹಾಕಿಸಿ. ಕಸ್ಟಮರ್ ಕೇರ್ ನಂಬರನ್ನು ಗೂಗಲ್‌ನಲ್ಲಿ ಹುಡುಕುವುದು ಬೇಡವೇ ಬೇಡ, ಕಾರ್ಡಿನ ಹಿಂದೆ ನೋಡಿ. ಪಿನ್ ಹಾಕಿದ ಮೇಲೂ ಆನ್‌ಲೈನ್ ಪಾವತಿ ನಡೆಯದಿದ್ದರೆ ಕಾರ್ಡ್ ಹಾಳಾಗಿದೆ ಎಂದಲ್ಲ. ರಿಸರ್ವ್ ಬ್ಯಾಂಕ್ ನಿಯಮದಂತೆ ಹೊಸ ಕಾರ್ಡಿನಲ್ಲಿ ಆನ್‌ಲೈನ್, ವಿದೇಶಿ, ಟ್ಯಾಪ್ (ಮೆಷಿನಿಗೆ ಕಾರ್ಡ್ ತಾಗಿಸಿ ಪಾವತಿ) ಮೂರೂ ಬಂದ್ ಆಗಿಯೇ ಬರುತ್ತವೆ. ಆನ್‌ಲೈನ್ ಮಾತ್ರ ತೆರೆದು ಮಿತಿ ಸಣ್ಣದಿಡಿ. ಟ್ಯಾಪ್ ಯಾಕೆ ಬೇಡ ಅಂದರೆ, 5,000 ರೂಪಾಯಿವರೆಗೆ ಪಿನ್ನೇ ಬೇಕಿಲ್ಲ.

ಇನ್ನೊಂದು ವಿಷಯ. "ಆಕ್ಟಿವೇಟ್ ಮಾಡಿಕೊಡ್ತೇವೆ" ಅಂತ ಅವರ ವಾಟ್ಸಾಪ್‌ಗೆ ಎಪಿಕೆ ಫೈಲ್ (ಪ್ಲೇ ಸ್ಟೋರ್ ಇಲ್ಲದೆ ನೇರವಾಗಿ ಆ್ಯಪ್ ಹಾಕುವ ಫೈಲ್) ಬಂದಿದೆಯಂತೆ. ಅದನ್ನು ಇನ್‌ಸ್ಟಾಲ್ ಮಾಡಿದ್ದರೆ ಆ ಫೋನಿನಲ್ಲಿ ಮುಂದುವರಿಯಬೇಡಿ, ಒಟಿಪಿ ಮೆಸೇಜ್ ವಂಚಕರ ಕಡೆ ಸೋರುತ್ತಿರಬಹುದು. ಬೇರೆ ಫೋನಿನಿಂದ ಕಾರ್ಡ್ ಬ್ಲಾಕ್ ಮಾಡಿಸಿ. ದುಡ್ಡು ಹೋಗಿದ್ದರೆ ಕೂಡಲೇ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿಸಿ.

ಹೋಗಲಿಕ್ಕೆ ಆಗುವವರು ದಿನ, ಹೊತ್ತು ಇಲ್ಲೇ ಹಾಕಿ.