ಹಿಮಪಾತ, ಹಿಮಕುಸಿತ ಮತ್ತು ಮೂರನೆಯ ಹಂತದ ಹೆಸರು

ಬಲ್ಲವರಿಗೆ ನಮಸ್ಕಾರ.

ಗುಲ್ಮಾರ್ಗದ ಅಫರ್ವಾಟ್ ಬೆಟ್ಟದಲ್ಲಿ ಸ್ಕೀ ಮಾಡಲು ಹೊರಟಿರುವ ಗೆಳೆಯರಿಗಾಗಿ ಸುರಕ್ಷತೆಯ ನಾಲ್ಕು ಪುಟಗಳನ್ನು ಕನ್ನಡಕ್ಕೆ ತರುತ್ತಿದ್ದೇನೆ. ಮೊದಲ ಪದದಲ್ಲೇ, ಅಂದರೆ ಇಂಗ್ಲಿಷಿನ ‘ಅವಲಾಂಚ್’ನಲ್ಲೇ, ಎಡವಿದೆ. 2016ರ ಫೆಬ್ರವರಿಯಲ್ಲಿ ಬೆಟದೂರಿನ ಯೋಧ ಹನುಮಂತಪ್ಪ ಕೊಪ್ಪದ ಅವರು ಸಿಯಾಚಿನ್‌ನಲ್ಲಿ ಹಿಮದಡಿ ಹುಗಿದುಹೋದಾಗ ನಮ್ಮ ಸುದ್ದಿಗಳಲ್ಲಿ ಹಿಮಪಾತ, ಹಿಮಕುಸಿತ ಎರಡೂ ಬಂದವು. ಆಕಾಶದಿಂದ ಉದುರುವುದೂ ಹಿಮಪಾತವೇ. ‘ನಿನ್ನೆ ಭಾರೀ ಹಿಮಪಾತ’ ಎಂದರೆ ಸ್ಕೀ ಹಿಡಿದವನು ಹಿಗ್ಗಬೇಕೇ, ಹೆದರಬೇಕೇ? ಹಾಗಾಗಿ ಉದುರುವುದಕ್ಕೆ ಹಿಮಪಾತ, ಜರಿಯುವುದಕ್ಕೆ ಹಿಮಕುಸಿತ ಎಂದು ಗೊತ್ತುಮಾಡಿಕೊಂಡೆ.

ಅಲ್ಲಿಗೂ ಮುಗಿಯಲಿಲ್ಲ. ಇಳಿಜಾರಿನ ಹಿಮ ಒಂದೇ ಮುದ್ದೆಯಲ್ಲ, ಪದರ ಪದರವಾಗಿ ಕೂತಿರುತ್ತದೆ. ಅಡಿಯಲ್ಲೊಂದು ಪದರ ಬನ್ಸಿ ರವೆಯ ಹಾಗೆ ಒಂದಕ್ಕೊಂದು ಅಂಟದ ಹರಳುಗಳಾಗಿರಬಹುದು. ಮೇಲೆ ಗಾಳಿ ಬಡಿದು ಗಟ್ಟಿಯಾದ ಹಾಸು. ಇದಕ್ಕೆ ‘ಚಪ್ಪಡಿ’ ಎಂದಿದ್ದೇನೆ, ಯಾರೂ ಜಗಳವಾಡಲಾರರು. ಆಳು ಕಾಲಿಟ್ಟ ಭಾರಕ್ಕೆ ರವೆಯ ಪದರ ‘ಧುಮ್’ ಎಂದು ಕುಸಿಯುತ್ತದೆ. ಇಳಿಜಾರು ಮೂವತ್ತು ಡಿಗ್ರಿ ದಾಟಿದ್ದರೆ ಚಪ್ಪಡಿ ಬಿರುಕುಬಿಟ್ಟು ಜಾರಬಹುದು. ಸಮತಟ್ಟಿನಲ್ಲಿ ಹೆಚ್ಚಾಗಿ ಸದ್ದಷ್ಟೇ, ಆದರೆ ಅದು ಕೊನೆಯ ಎಚ್ಚರಿಕೆ. ಒಳಗೆ ಆಗುವುದೂ ಕುಸಿತ, ಹೊರಗೆ ಆಗುವುದೂ ಕುಸಿತ ಎಂದಾಯಿತಲ್ಲ! ಒಳಗಿನದಕ್ಕೆ ‘ಪದರ ಕುಕ್ಕರಿಸುವುದು’ ಎಂದು ಬರೆದೆ. ಹೆಂಡತಿ ನಕ್ಕಳು. ನನಗೇನೋ ಸರಿಯೆನಿಸುತ್ತದೆ.

ನಿಜವಾದ ತೊಡಕು ಹಿಮಕುಸಿತದ ಅಪಾಯ ಹೇಳುವ ಅಳತೆಯದು. ಯೂರೋಪಿನಲ್ಲಿ 1993ರಿಂದ ಇರುವುದು ಐದು ಹಂತ. ಒಂದು ‘ಕಡಿಮೆ’, ಎರಡು ‘ಮಧ್ಯಮ’, ನಾಲ್ಕು ‘ಹೆಚ್ಚು’, ಐದು ‘ಅತಿ ಹೆಚ್ಚು’. ಮೂರಕ್ಕೆ ಏನೆನ್ನೋಣ? ಇಂಗ್ಲಿಷಿನಲ್ಲಿ ಅದು ‘ಕನ್ಸಿಡರಬಲ್’; ನಿಘಂಟು ‘ಗಣನೀಯ’ ಎನ್ನುತ್ತದೆ. ಅದು ಬಜೆಟ್ ಭಾಷಣದ ಮಾತು, ಯಾರ ಎದೆಯೂ ನಡುಗದು. ಐದರಲ್ಲಿ ಮೂರು ಎಂದರೆ ನಮ್ಮವರು ಪಾಸಾದ ಅಂಕವೆಂದೇ ಓದುತ್ತಾರೆ. ಆದರೆ ಸ್ಕೀ ಮಾಡುವವರು ಹೆಚ್ಚಾಗಿ ಸಾಯುವುದು ಈ ಹಂತದಲ್ಲೇ. ನಾಲ್ಕು, ಐದರ ದಿನ ಜನ ತಾವಾಗಿ ಮನೆಯಲ್ಲಿರುತ್ತಾರೆ. ಮೂರರ ದಿನ ಬಿಸಿಲು ಬಿದ್ದಿರುತ್ತದೆ, ಹೊಸ ಹಿಮ ಕರೆಯುತ್ತದೆ, ಒಬ್ಬನೇ ಸ್ಕೀಯರ್‌ನ ಭಾರಕ್ಕೆ ಇಳಿಜಾರು ಕಳಚುತ್ತದೆ.

‘ಗಂಭೀರ’ ಎಂದರೆ ನಾಲ್ಕನ್ನೂ ಮೀರಿಸುತ್ತದೆ. ‘ಸಾಕಷ್ಟು’ ಎಂದರೆ ಅಪಾಯ ಸಾಲದೇ ಬಂತೇನೋ ಎಂಬಂತಿದೆ. ಸದ್ಯಕ್ಕೆ ಪೆನ್ಸಿಲ್‌ನಲ್ಲಿ ‘ಕಟ್ಟೆಚ್ಚರ’ ಎಂದು ಗೀಚಿದ್ದೇನೆ. ಆದರೆ ಉಳಿದ ನಾಲ್ಕೂ ಅಪಾಯದ ಪ್ರಮಾಣ ಹೇಳುವಾಗ ಇದೊಂದು ಓದುಗನಿಗೆ ಆಜ್ಞೆ ಮಾಡುತ್ತದೆ. ಮಧ್ಯಮಕ್ಕೂ ಹೆಚ್ಚಿಗೂ ನಡುವೆ, ಓದಿದವನು ಒಮ್ಮೆ ನಿಂತು ಯೋಚಿಸುವಂಥ ಗುಣವಾಚಕ ನಿಮ್ಮ ಕಡೆಯ ಮಾತಿನಲ್ಲಿ ಇದೆಯೇ?