ಕರುಳಿನ ಬ್ಯಾಕ್ಟೀರಿಯಾ ಮತ್ತು ಕ್ಯಾನ್ಸರ್ ಚಿಕಿತ್ಸೆ

ಪ್ರಶ್ನೆ: ಇಮ್ಯುನೊಥೆರಪಿ (ದೇಹದ ರೋಗನಿರೋಧಕ ಶಕ್ತಿಯನ್ನೇ ಕ್ಯಾನ್ಸರ್ ವಿರುದ್ಧ ಬಳಸುವ ಚಿಕಿತ್ಸೆ) ಆರಂಭಿಸಲಿರುವ ನನ್ನ ಸಂಬಂಧಿಕರೊಬ್ಬರು ಪ್ರೊಬಯೋಟಿಕ್ (ಉಪಕಾರಿ ಎನ್ನಲಾಗುವ ಜೀವಂತ ಸೂಕ್ಷ್ಮಜೀವಿಗಳಿರುವ) ಮಾತ್ರೆಗಳನ್ನು ತಾವಾಗಿಯೇ ಸೇವಿಸಬೇಕೆಂದಿದ್ದಾರೆ. ಕರುಳಿನ ಬ್ಯಾಕ್ಟೀರಿಯಾಗಳು ಚಿಕಿತ್ಸೆಯ ಫಲವನ್ನು ನಿಜವಾಗಿಯೂ ಬದಲಿಸಬಲ್ಲವೇ?

ಉತ್ತರ 1: ಬದಲಿಸಬಲ್ಲವು ಎನ್ನಲು ಆಧಾರವಿದೆ, ಆದರೆ ಮಾತ್ರೆಯ ವಿಷಯದಲ್ಲಿ ಆತುರ ಬೇಡ. 2021ರಲ್ಲಿ ಪ್ರಕಟವಾದ ಮೆಲನೋಮಾ (ಒಂದು ಬಗೆಯ ಚರ್ಮದ ಕ್ಯಾನ್ಸರ್) ರೋಗಿಗಳ ಅಧ್ಯಯನವೊಂದರಲ್ಲಿ, ನಾರಿನಂಶವನ್ನು ಸಾಕಷ್ಟು ಸೇವಿಸುತ್ತಿದ್ದು ಪ್ರೊಬಯೋಟಿಕ್ ತೆಗೆದುಕೊಳ್ಳದಿದ್ದವರಲ್ಲೇ ಫಲ ಹೆಚ್ಚು ಎದ್ದು ಕಂಡಿತು. ಅದೇ ವರ್ಷದ ಒಂದು ಸಣ್ಣ ಪ್ರಯೋಗದಲ್ಲಿ, ಇಮ್ಯುನೊಥೆರಪಿಗೆ ಸ್ಪಂದಿಸಿದವರ ಮಲದಲ್ಲಿನ ಸೂಕ್ಷ್ಮಜೀವಿಗಳನ್ನು (ಕೇಳಲು ಹೇಸಿಗೆಯೆನಿಸಬಹುದು) ಸ್ಪಂದಿಸದವರ ಕರುಳಿಗೆ ಸೇರಿಸಿ ಔಷಧವನ್ನು ಮತ್ತೆ ಕೊಟ್ಟಾಗ, 10 ಜನರಲ್ಲಿ 3 ಮಂದಿ ಸ್ಪಂದಿಸಿದರು.

ಉತ್ತರ 2: ಪ್ರಭಾವವು ಯಾವಾಗಲೂ ಒಳ್ಳೆಯದೇ ಆಗಿರುವುದಿಲ್ಲ. ಯಕೃತ್ತು ನಿಷ್ಕ್ರಿಯಗೊಳಿಸಿ ಹೊರಹಾಕಿದ ಇರಿನೊಟೆಕಾನ್ ಎಂಬ ಕಿಮೊಥೆರಪಿ ಔಷಧದ ಅಂಶವನ್ನು ಕರುಳಿನ ಬ್ಯಾಕ್ಟೀರಿಯಾಗಳ ಕಿಣ್ವವೊಂದು ಪುನಃ ಸಕ್ರಿಯಗೊಳಿಸುವುದರಿಂದ ತೀವ್ರ ಭೇದಿ ಉಂಟಾಗಬಹುದು. ಚಿಕಿತ್ಸೆಗೆ ಸ್ವಲ್ಪ ಮುಂಚೆ ಆ್ಯಂಟಿಬಯೋಟಿಕ್ ಪಡೆದವರಲ್ಲಿ ಇಮ್ಯುನೊಥೆರಪಿಯ ಫಲ ಕಡಿಮೆಯಿದ್ದುದನ್ನೂ ಹಲವು ಅಧ್ಯಯನಗಳು ಗುರುತಿಸಿವೆ. ಹಾಗೆಂದು ಅಗತ್ಯವಿದ್ದಾಗ ಆ್ಯಂಟಿಬಯೋಟಿಕ್ ನಿರಾಕರಿಸುವುದು ಅಪಾಯಕರ.

ಉತ್ತರ 3: ತಂಬಾಕು ಮತ್ತು ಮದ್ಯವನ್ನು ಬಿಡುವುದಕ್ಕಿರುವ ಪುರಾವೆಯ ಮುಂದೆ ಕರುಳಿನ ಬ್ಯಾಕ್ಟೀರಿಯಾ ಕುರಿತ ಈ ಪುರಾವೆಗಳೆಲ್ಲ ಇನ್ನೂ ಎಳೆಯವು. ಮಾತ್ರೆಯ ವಿಚಾರವನ್ನು ಕ್ಯಾನ್ಸರ್ ತಜ್ಞರಿಗೆ ಮೊದಲೇ ತಿಳಿಸಲಿ.