ಲಕೋಟೆಯ ಮೇಲಿನ ಸುರುಳಿ ಅಂಚೆಚೀಟಿಗಳು: ನಡುವಿನ ಗೆರೆ ಮತ್ತು ಕೆಳಗಿನ ಅಂಕಿ

ಪ್ರಶ್ನೆ: ನಮ್ಮ ದೊಡ್ಡಪ್ಪನವರು 1982ರ ಡಿಸೆಂಬರಿನಲ್ಲಿ ಷಿಕಾಗೋದಿಂದ ಮೈಸೂರಿಗೆ ಬರೆದ ಕಾಗದದ ಲಕೋಟೆ ಸಿಕ್ಕಿದೆ. ಅದರ ಮೇಲೆ ಕುದುರೆಗಾಡಿಯ ಚಿತ್ರವಿರುವ 18 ಸೆಂಟಿನ ಕಂದು ಚೀಟಿಗಳ ಒಂದು ಜೋಡಿಯೂ 4 ಸೆಂಟಿನ ಒಂದು ಚೀಟಿಯೂ ಇವೆ. ಮೂರಕ್ಕೂ ಮೇಲೆ ಕೆಳಗೆ ಹಲ್ಲುಗಳಿಲ್ಲ. ಜೋಡಿಯ ನಡುವೆ ಸಣ್ಣ ಗೆರೆಯೊಂದಿದ್ದು, ಒಂದು ಚೀಟಿಯ ಬುಡದಲ್ಲಿ 8 ಎಂಬ ಪುಟ್ಟ ಅಂಕಿಯಿದೆ. ಇದು ಮುದ್ರಣದೋಷವೇ? ನೀರಿನಲ್ಲಿ ನೆನೆಸಿ ಬಿಡಿಸಬಹುದೇ?

ಉತ್ತರ: ದಯವಿಟ್ಟು ನೆನೆಸಬೇಡಿ. ಇವು ಹಾಳೆಯಲ್ಲಿ ಬಂದ ಚೀಟಿಗಳಲ್ಲ, ಕಾಯಿಲ್ ಅಂದರೆ ಸುರುಳಿಯಾಗಿ ಸುತ್ತಿ ಮಾರಿದವು. ಕಾಗದದ ಪಟ್ಟಿಯನ್ನು ಉದ್ದಕ್ಕೆ ಕತ್ತರಿಸುವುದರಿಂದ ಮೇಲಿನ ಕೆಳಗಿನ ಅಂಚು ನೇರವಾಗಿರುತ್ತದೆ, ಎಡಬಲದಲ್ಲಿ ಮಾತ್ರ ಹಲ್ಲುಗಳಿರುತ್ತವೆ. 1981ರಲ್ಲಿ ಆರಂಭವಾದ ಅಮೆರಿಕದ ವಾಹನ ಮಾಲಿಕೆಯಲ್ಲಿ 18 ಸೆಂಟಿನದು ‘ಸರ್ರಿ’ ಎಂಬ ಗಾಡಿ, ಮೇ 18ರಂದು ಬಿಡುಗಡೆಯಾಯಿತು.

ಗೆರೆ ದೋಷವಲ್ಲ. ಕಾಟ್ರೆಲ್ ಮುದ್ರಣಯಂತ್ರದ ಉರುಳೆಗೆ ಬಾಗಿಸಿದ ಎರಡು ತಟ್ಟೆಗಳನ್ನು ಸುತ್ತಿ ಕೂಡಿಸುತ್ತಿದ್ದರು. ಅವು ಸೇರುವ ಸಂದಿಯಲ್ಲಿ ತುಂಬಿಕೊಂಡ ಶಾಯಿ ಕಾಗದಕ್ಕಿಳಿದು ಗೆರೆಯಾಗುತ್ತದೆ. 24 ಚೀಟಿಗಳಿಗೊಮ್ಮೆ ಅದು ಬರುತ್ತದೆ, ಅದರ ಜೊತೆಗೇ ತಟ್ಟೆಯ ಸಂಖ್ಯೆಯೂ ಬರುತ್ತದೆ. ಆಮೇಲಿನ ‘ಬಿ’ ಯಂತ್ರದಲ್ಲಿ ತಟ್ಟೆಗೆ ಬದಲು ಉರುಳೆಗೆ ತೊಡಿಸುವ, ಬೆಸುಗೆಯಿಲ್ಲದ ಒಂದೇ ಕೊಳವೆ ಇದ್ದುದರಿಂದ ಗೆರೆಯೇ ಇಲ್ಲ, ಸಂಖ್ಯೆ 52 ಚೀಟಿಗಳಿಗೊಮ್ಮೆ ಕಾಣುತ್ತದೆ. ಕತ್ತರಿ ಸ್ವಲ್ಪ ಮೇಲೆ ಬಿದ್ದರೆ ಸಂಖ್ಯೆಯ ಬುಡವೇ ಹೋಗಿರುವುದುಂಟು. ನಿಮ್ಮ 8 ಇಡಿಯಾಗಿ ಉಳಿದಿದೆಯೇ ಎಂದು ಭೂತಗನ್ನಡಿಯಲ್ಲಿ ನೋಡಿ.

ನನಗೆ ಹೆಚ್ಚು ಹಿಡಿಸಿದ್ದು ನಿಮ್ಮ ಲಕೋಟೆಯ ಲೆಕ್ಕ. 18 ಸೆಂಟು ಅಮೆರಿಕದ ಒಳನಾಡಿನ ಕಾಗದದ ದರವಾಗಿದ್ದದ್ದು 1981ರ ಮಾರ್ಚ್ 22ರಿಂದ ಅಕ್ಟೋಬರ್ 31ರವರೆಗೆ ಮಾತ್ರ. ನವೆಂಬರಿನಲ್ಲಿ ಅದು 20 ಸೆಂಟಾಯಿತು. ಭಾರತಕ್ಕೆ ಅರ್ಧ ಔನ್ಸಿನ ವಿಮಾನ ಅಂಚೆಗೆ ಆಗ 40 ಸೆಂಟು. ಮನೆಯಲ್ಲಿ ಮಿಕ್ಕ ಹಳೆಯ 18ರ ಎರಡು ಚೀಟಿಗೆ ಒಂದು 4 ಸೇರಿಸಿ ದೊಡ್ಡಪ್ಪನವರು ಸರಿಯಾಗಿ 40 ಮಾಡಿದ್ದಾರೆ. ಬಿಡಿಸಿದರೆ ಈ ಕಥೆಯೇ ಹೋಗುತ್ತದೆ. ಹೊಸ ಚೀಟಿಗಳ ಪಟ್ಟಿಗಳನ್ನು ಆಗಿನ ಸಂಗ್ರಾಹಕರು ಸಾಕಷ್ಟು ಕೂಡಿಟ್ಟಿದ್ದಾರೆ, ಆದ್ದರಿಂದ ದೊಡ್ಡ ಬೆಲೆಯ ಆಸೆ ಬೇಡ.

ಪ್ರಶ್ನೆ: 4 ಸೆಂಟಿನ ಚೀಟಿಯಲ್ಲಿ ಎರಡು ಬಗೆಗಳಿವೆ ಎಂದು ಕೇಳಿದ್ದೇನೆ. ಮನೆಯಲ್ಲೇ ಗುರುತಿಸಬಹುದೇ?

ಉತ್ತರ: ಒಂದು ಅಳತೆಪಟ್ಟಿ ಸಾಕು. ‘ಸ್ಟೇಜ್‌ಕೋಚ್ 1890ಸ್’ ಎಂಬ ಬರಹದ ಉದ್ದವನ್ನು ಅಳೆಯಿರಿ. 1982ರ ಆಗಸ್ಟಿನ ಮೂಲ ಚೀಟಿಯಲ್ಲಿ ಅದು 19.5 ಮಿ.ಮೀ., ‘ಬಿ’ ಯಂತ್ರಕ್ಕಾಗಿ ಮರುಕೆತ್ತಿದ 1986ರ ಚೀಟಿಯಲ್ಲಿ 17 ಮಿ.ಮೀ. ನಿಮ್ಮ ಲಕೋಟೆಯ ಮುದ್ರೆ 1982ರದಾದ್ದರಿಂದ ಅಳೆಯುವ ಮೊದಲೇ ಉತ್ತರ ಗೊತ್ತು. ಆದರೂ ಅಳೆದು ನೋಡಿ, ಕೈ ಪಳಗುತ್ತದೆ.

ಪ್ರಶ್ನೆ: ಅದೇ ಪೆಟ್ಟಿಗೆಯಲ್ಲಿ ವಾಷಿಂಗ್ಟನ್ ತಲೆಯ ಹಳೆಯ 3 ಸೆಂಟಿನ ನೇರಳೆ ಚೀಟಿಯೂ ಇದೆ, ಅದಕ್ಕೂ ಮೇಲೆ ಕೆಳಗೆ ಹಲ್ಲಿಲ್ಲ. ಅಪರೂಪದ್ದೇ?

ಉತ್ತರ: ಇಲ್ಲಿ ಮಾತ್ರ ನಾನು ಅನುಮಾನದಿಂದಲೇ ಶುರುಮಾಡುತ್ತೇನೆ. 1911ರಲ್ಲಿ ನ್ಯೂಯಾರ್ಕ್ ರಾಜ್ಯದ ಆರೆಂಜ್‌ಬರ್ಗಿನ ಬೆಲ್ ಔಷಧ ಸಂಸ್ಥೆಗೆಂದು ತಯಾರಾದ 3 ಸೆಂಟಿನ ಸುರುಳಿ ಬಹಳ ವಿರಳ. ಅದಕ್ಕೇ ಸಾಮಾನ್ಯ ಹಾಳೆಚೀಟಿಯ ಮೇಲಿನ ಕೆಳಗಿನ ಹಲ್ಲು ಕತ್ತರಿಸಿ ಕಾಯಿಲ್ ಎಂದು ಮಾರುವವರು ಹೆಚ್ಚು. ಸರ್ರಿಗೆ ಈ ಭಯವಿಲ್ಲ, ಏಕೆಂದರೆ ಅದು ಹಾಳೆಯಲ್ಲಿ ಬರಲೇ ಇಲ್ಲ.

ಮೊದಲು ಎತ್ತರ ನೋಡಿ. ಹಲ್ಲು ಕತ್ತರಿಸಿದ ಚೀಟಿ ಸಾಮಾನ್ಯವಾಗಿ ಗಿಡ್ಡವಾಗಿರುತ್ತದೆ, ಅಂಚುಗಳು ಸಮಾನಾಂತರವಾಗಿರುವುದಿಲ್ಲ. ಆಮೇಲೆ ಚಿತ್ರದ ಅಗಲ ಅಳೆಯಿರಿ. ಚಪ್ಪಟೆ ತಟ್ಟೆಯ ಚೀಟಿಯಲ್ಲಿ ಅದು ಸುಮಾರು 18.5ರಿಂದ 19 ಮಿ.ಮೀ.; 1914ರ ನಂತರ ಬಂದ ಉರುಳೆಯಂತ್ರದ ಅಡ್ಡಸುರುಳಿಗಳಲ್ಲಿ (ಎಡಬಲದಲ್ಲಿ ಹಲ್ಲಿರುವವುಗಳಲ್ಲಿ), ತಟ್ಟೆಯನ್ನು ಬಾಗಿಸುವಾಗ ಚಿತ್ರ ಹಿಗ್ಗುವುದರಿಂದ, 19.5ರಿಂದ 20 ಮಿ.ಮೀ. ಆರೆಂಜ್‌ಬರ್ಗಿನದು ಚಪ್ಪಟೆ ತಟ್ಟೆಯದು, ಅದರ ಹಲ್ಲಿನ ಅಳತೆ, ಅಂದರೆ ಎರಡು ಸೆಂ.ಮೀ. ಉದ್ದದಲ್ಲಿರುವ ಹಲ್ಲುಗಳ ಎಣಿಕೆ, 12. ಇವೆಲ್ಲ ಹೊಂದಿದರೂ ಪರಿಣತರ ಪ್ರಮಾಣಪತ್ರವಿಲ್ಲದೆ ಅದನ್ನು ಆ ಹೆಸರಿನಿಂದ ಕರೆಯಬೇಡಿ.